ಓದುಗರ ಪ್ರಶ್ನೆ: ಗಡಿ ದಾಟೋ ಕಥೆಗಳನ್ನ ಮಕ್ಕಳಿಗೆ ಹೇಗೆ ಓದೋದು?

ಹೋದ ಸಂಚಿಕೆಲಿ ಈ ಪುಟದಲ್ಲಿ ವಲಸೆ ಬಗ್ಗೆ ಇರೋ ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ಬರೆದಿದ್ದೆ, ಯುದ್ಧಕ್ಕೋ ಬರಕ್ಕೋ ಕೆಲಸಕ್ಕೋ ಮನೆ ಬಿಟ್ಟು ಗಡಿ ದಾಟಿ ಹೋಗೋರ ಕಥೆಗಳು. ಇಷ್ಟೊಂದು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಕೆಲವರು ಬೈದಿದ್ದಾರೆ, ಕೆಲವರು ಮಕ್ಕಳು ಕೇಳಿದ ಪ್ರಶ್ನೆನ ಹಾಗೇ ನನ್ ಕಡೆ ದಾಟಿಸಿದ್ದಾರೆ. ಒಂದೇ ಥರದ್ದನ್ನೆಲ್ಲ ಸೇರಿಸಿ, ಹೆಸರು ತೆಗೆದು ಇಲ್ಲಿ ಹಾಕಿದೀನಿ.

ಪ್ರಶ್ನೆ: ಮೇಡಂ, ನನ್ ಮಗಳಿಗೆ ನಾಲ್ಕೂವರೆ ವರ್ಷ. ನಮ್ಮಕ್ಕ ಗಿಫ್ಟ್ ಕೊಟ್ಟಿದ್ದ ‘ದಿ ಜರ್ನಿ’ ಓದ್ತಿದ್ದೆ, ಕಪ್ಪು ಕೈಗಳು ಬರೋ ಪುಟ ಬಂದಿದ್ದೇ ತಡ ಪುಸ್ತಕ ಮುಚ್ಚಿ ಅದರ ಮೇಲೇ ಕೂತ್ಕೊಂಡ್ಬಿಟ್ಳು. ಇಷ್ಟು ಚಿಕ್ಕವರಿಗೆ ಇಂಥದ್ದು ಓದಬಹುದಾ?

ಓದಬಹುದು, ಆದ್ರೆ ಅವಳು ಬಿಟ್ಟಷ್ಟು. ಪುಸ್ತಕ ಮುಚ್ಚಿದ್ಲಲ್ಲ, ಅದು ಅವಳಿಗೆ ಬಿಟ್ಟಿದ್ದು, ಟಿವಿ ಸಿನಿಮಾ ಆಗಿದ್ರೆ ಅದರ ಪಾಡಿಗೆ ಅದು ಓಡ್ತಿತ್ತು, ಪುಸ್ತಕ ಮಗು ಕೈ ಇಟ್ಟ ಕಡೆ ನಿಲ್ಲತ್ತೆ.

ಗೊತ್ತಿಲ್ಲದೋರಿಗೆ ಒಂದ್ ಮಾತು ಹೇಳ್ಬಿಡ್ತೀನಿ. ಫ್ರಾಂಚೆಸ್ಕಾ ಸಾನ್ನಾ ಅನ್ನೋ ಇಟಲಿಯ ಚಿತ್ರಕಾರ್ತಿ ಮಾಡಿದ ಪುಸ್ತಕ ಇದು, 2016ರಲ್ಲಿ ಬಂತು. ಇಟಲಿಯ ಒಂದು ನಿರಾಶ್ರಿತರ ಕೇಂದ್ರದಲ್ಲಿ ಇಬ್ರು ಹುಡುಗೀರ ಜೊತೆ ಮಾತಾಡಿದ್ರಂತೆ, ಅಲ್ಲಿಂದ ಶುರುವಾಗಿ ಬೇರೆ ಬೇರೆ ದೇಶದ ಸುಮಾರು ಜನರ ಕಥೆ ಕೇಳಿ ಎಲ್ಲಾನೂ ಸೇರಿಸಿ ಒಂದೇ ಕುಟುಂಬದ ಕಥೆ ಮಾಡಿದ್ರು, ಅದಕ್ಕೇ ಪುಸ್ತಕದಲ್ಲಿ ಯಾವ ದೇಶದ ಹೆಸರೂ ಇಲ್ಲ. ಯುದ್ಧ ಬಂದು ಅಪ್ಪನ್ನ ಕಿತ್ಕೊಳತ್ತೆ, ಅಮ್ಮ ಇಬ್ರು ಮಕ್ಕಳನ್ನ ಕರ್ಕೊಂಡು ಕಾರು, ದೋಣಿ, ರೈಲು ಅಂತ ಹೊರಡ್ತಾಳೆ.

ನನ್ ಪ್ರಕಾರ ಇದರಲ್ಲಿ ನಿಧಾನವಾಗಿ ನೋಡ್ಬೇಕಾಗಿರೋದು ಕಾಡಿನ ಪುಟ. ರಾತ್ರಿ, ಕಾಡಲ್ಲಿ ಮೂವರೂ ಮಲಗಿದಾರೆ. ಮಗು ಹೇಳತ್ತೆ, ನಂಗೆ ಭಯ ಆಗ್ತಿದೆ ಆದ್ರೆ ಅಮ್ಮ ಜೊತೇಲಿದಾಳೆ, ಅವಳಿಗೆ ಯಾವತ್ತೂ ಭಯ ಆಗಲ್ಲ ಅಂತ. ಎಡಗಡೆ ಮಕ್ಕಳು ಕಣ್ಣು ಬಿಟ್ಕೊಂಡಿದಾರೆ, ಅಮ್ಮ ತಬ್ಕೊಂಡಿದಾಳೆ. ಬಲಗಡೆ ಮಕ್ಕಳು ನಿದ್ದೆ ಹೋಗಿದಾರೆ, ಅಮ್ಮನ ಕಣ್ಣಿಂದ ನೀರು ಇಳೀತಿದೆ. ಅಕ್ಷರದಲ್ಲಿ ಅಳು ಅನ್ನೋ ಮಾತೇ ಇಲ್ಲ. ನೀವು ಸಾಲು ಓದ್ತಿರೋವಾಗ ನಿಮ್ ಮಗಳ ಕಣ್ಣು ಚಿತ್ರದ ಮೇಲಿರತ್ತೆ, ಅವಳಿಗೆ ನಿಮಗಿಂತ ಮುಂಚೆ ಗೊತ್ತಾಗತ್ತೆ. ಆಗ ಬಾಯಿ ಬಿಡದೆ ಸುಮ್ನೆ ಇರೋದು ನಮ್ಮ ದೊಡ್ಡೋರಿಗೆ ಕಷ್ಟ, ಆದ್ರೂ ಇರಿ.

ಅಪ್ಪ ವಾಪಸ್ ಬರ್ತಾರಾ ಅಂತ ಕೇಳಿದ್ರೆ ‘ಈ ಕಥೆಲಿ ಬರಲ್ಲ ಕಣೇ’ ಅಂತ ನೇರವಾಗಿ ಹೇಳಿ, ಮುಂದಿನ ಪುಟದಲ್ಲಿ ಬರ್ತಾರೇನೋ ಅಂತ ತಿಪ್ಪೆ ಸಾರಿಸ್ಬೇಡಿ, ಅವಳು ಕೊನೇ ಪುಟದವರೆಗೂ ಹುಡುಕ್ತಾಳೆ. ಮಲಗೋ ಹೊತ್ತಲ್ಲಿ ಓದ್ಬೇಡಿ, ಹಗಲು ಓದಿ, ಓದಿದ್ಮೇಲೆ ಹೊರಗೆ ಓಡಾಡೋಕೆ ಟೈಮ್ ಇರ್ಲಿ. ಇದು ಸ್ವಲ್ಪ ಜಾಸ್ತಿ ಆಯ್ತು ಅನ್ಸಿದ್ರೆ ಕೇಟ್ ಮಿಲ್ನರ್ ಅವರ ‘ಮೈ ನೇಮ್ ಈಸ್ ನಾಟ್ ರೆಫ್ಯೂಜೀ’ ನೋಡಿ, 2017ರದ್ದು, ಅದರಲ್ಲಿ ಅಮ್ಮ ಮಗನಿಗೆ ನಾವು ಹೊರಡ್ಬೇಕು ಅಂತ ಹೇಳ್ತಾ ಹೋಗ್ತಾಳೆ, ಮಧ್ಯೆ ಮಧ್ಯೆ ಓದೋ ಮಗುಗೇ ಪ್ರಶ್ನೆ, ನೀನಾಗಿದ್ರೆ ಏನು ತಗೊಂಡು ಹೋಗ್ತಿದ್ದೆ ಅನ್ನೋ ಥರದ್ದು. ಭಯಕ್ಕಿಂತ ಮಾತೇ ಜಾಸ್ತಿ ಆಗತ್ತೆ ಅದರಲ್ಲಿ.

ಪ್ರಶ್ನೆ: ದೋಣಿ ಮುಳುಗೋ ಪುಟ ನೋಡಿ ನನ್ ಮಗ (ಏಳು ವರ್ಷ) ಕೇಳಿದ, ‘ಇವ್ರು ಯಾಕೆ ವಿಮಾನದಲ್ಲಿ ಹೋಗ್ಲಿಲ್ಲ?’ ಬಡವರು ಕಣೋ ದುಡ್ಡಿಲ್ಲ ಅಂದೆ. ಸರಿ ಹೇಳಿದ್ನಾ?

ಹುಡುಗನಿಗೆ ಶಭಾಷ್ ಹೇಳಿ. ಈ ಪ್ರಶ್ನೆ ದೊಡ್ಡೋರೇ ಕೇಳಲ್ಲ, ದೋಣಿ ಅಂದ್ರೆ ದೋಣಿ ಅಂತ ಒಪ್ಕೊಂಡ್ಬಿಟ್ಟಿರ್ತೀವಿ. ಆದ್ರೆ ನಿಮ್ಮ ಉತ್ತರ ಸರಿ ಇಲ್ಲ ಸ್ವಾಮಿ, ಎಷ್ಟೋ ಸಲ ಆ ದೋಣಿಲಿ ಒಂದು ಜಾಗಕ್ಕೆ ಕೊಡೋ ದುಡ್ಡಲ್ಲಿ ವಿಮಾನದ ಟಿಕೆಟ್ಟೇ ಬಂದು ಇನ್ನೂ ಮಿಗತ್ತೆ.

ವಿಷಯ ಏನಂದ್ರೆ, ವೀಸಾ ಇಲ್ದೋರನ್ನ ಹತ್ತಿಸ್ಕೊಂಡು ಬಂದ ಏರ್‌ಲೈನ್ಸ್‌ಗೆ ಬಹಳ ದೇಶಗಳು ದಂಡ ಹಾಕ್ತವೆ, ಯುರೋಪಿಯನ್ ಯೂನಿಯನ್‌ನಲ್ಲಿ 2001ರಿಂದ ಇದಕ್ಕೆ ಅಂತಾನೇ ಒಂದು ನಿಯಮ ಇದೆ. ಹಾಗಾಗಿ ಗಡಿ ಅನ್ನೋದು ಆ ದೇಶದ ಬಾಗಿಲಲ್ಲಿ ಇಲ್ಲ, ಹೊರಡೋ ಊರಿನ ಚೆಕ್‌ಇನ್ ಕೌಂಟರ್‌ಗೇ ಬಂದು ಕೂತಿದೆ. ಇನ್ನೊಂದು ಕಡೆ 1951ರ ನಿರಾಶ್ರಿತರ ಒಪ್ಪಂದ ಇದೆ, ಜೀವಭಯ ಇದ್ದು ನೇರವಾಗಿ ಓಡಿ ಬಂದೋರು ಕಾಗದಪತ್ರ ಇಲ್ದೆ ಒಳಗೆ ಬಂದ್ರೂ, ತಡಮಾಡದೆ ಅಧಿಕಾರಿಗಳ ಮುಂದೆ ಹೋಗಿ ಕಾರಣ ಹೇಳಿದ್ರೆ, ಹಾಗೆ ಬಂದಿದ್ದಕ್ಕೇ ಶಿಕ್ಷೆ ಕೊಡಬಾರದು ಅನ್ನತ್ತೆ ಅದರ 31ನೇ ವಿಧಿ. ಆದ್ರೆ ಆಶ್ರಯ ಕೇಳೋಕೆ ಸಾಮಾನ್ಯವಾಗಿ ಆ ದೇಶದ ನೆಲ ಮುಟ್ಟಿರ್ಬೇಕು. ನೆಲ ಮುಟ್ಟಿದ್ರೆ ಕೇಳ್ಬಹುದು, ಮುಟ್ಟೋಕೆ ಬಿಡಲ್ಲ, ಈ ಎರಡರ ನಡುವೆ ಇರೋ ಸಂದಿಲೇ ದೋಣಿಯವನು ಅಂಗಡಿ ಇಟ್ಟಿರೋದು.

ಏಳು ವರ್ಷದವನಿಗೆ ಇಷ್ಟು ಹೇಳಿ ಸಾಕು: ವಿಮಾನ ಹತ್ತೋಕೆ ಒಂದು ಚೀಟಿ ಬೇಕು, ಆ ಚೀಟಿ ಅವ್ರಿಗೆ ಯಾರೂ ಕೊಡ್ಲಿಲ್ಲ, ದೋಣಿಯವನು ಚೀಟಿ ಕೇಳಲ್ಲ. ಯಾಕೆ ಕೊಡ್ಲಿಲ್ಲ ಅಂತ ಮುಂದಿನ ಪ್ರಶ್ನೆ ಬರತ್ತೆ, ಅದಕ್ಕೆ ತಯಾರಾಗಿರಿ.

ಇದರ ಜೊತೇಲೇ ಒಂದ್ ಮಾತು, ಇಂಥ ಪುಸ್ತಕಗಳನ್ನೇ ಓದ್ತಾ ಹೋದ್ರೆ ಮನೆ ಬಿಟ್ಟೋರೆಲ್ಲ ಸಮುದ್ರ ದಾಟ್ತಾರೆ ಅನ್ಸತ್ತೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2023ರ ಕೊನೆಗೆ ಕೊಟ್ಟ ಲೆಕ್ಕ ನೋಡಿ, ಬಲವಂತವಾಗಿ ಮನೆ ಬಿಟ್ಟೋರು 11 ಕೋಟಿ 73 ಲಕ್ಷ, ಅದರಲ್ಲಿ 6 ಕೋಟಿ 83 ಲಕ್ಷ ಜನ ತಮ್ಮ ದೇಶದ ಗಡಿ ದಾಟೇ ಇಲ್ಲ, ಅದೇ ದೇಶದಲ್ಲಿ ಇನ್ನೊಂದು ಊರಲ್ಲಿದ್ದಾರೆ. ಗಡಿ ದಾಟಿದೋರಲ್ಲೂ ಹೆಚ್ಚಿನೋರು ಪಕ್ಕದ ದೇಶದಲ್ಲೇ ಇದಾರೆ. ಒಟ್ಟು ಜನರಲ್ಲಿ ಸುಮಾರು ಶೇ 40 ಮಕ್ಕಳು. ಪಕ್ಕದ ಜಿಲ್ಲೆಗೆ ಓಡಿ ಹೋಗಿ ಸ್ಕೂಲ್ ಬಿಲ್ಡಿಂಗಲ್ಲಿ ಮಲಗಿರೋ ಮಗು ಬಗ್ಗೆ ಚಿತ್ರಪುಸ್ತಕ ಹುಡುಕಿ ನೋಡಿ, ಕಮ್ಮಿ ಸಿಗತ್ತೆ. ದೋಣಿ ಚಿತ್ರದಲ್ಲಿ ಚೆನ್ನಾಗಿ ಕಾಣತ್ತೆ, ಅದೂ ಒಂದು ಕಾರಣ ಅಂತ ನನ್ ಗುಮಾನಿ.

ಪ್ರಶ್ನೆ: ನೀವು ಹೊಗಳಿದ್ರಿ ಅಂತ ‘ದಿ ಅರೈವಲ್’ ತರಿಸ್ದೆ. ಒಂದು ಅಕ್ಷರ ಇಲ್ಲ! ಪುಸ್ತಕದಲ್ಲಿ ಓದೋಕೇ ಏನೂ ಇಲ್ದಿದ್ರೆ ಮಕ್ಕಳಿಗೆ ಏನು ಓದಿ ಹೇಳ್ಲಿ? ದುಡ್ಡು ದಂಡ.

ಕೋಪ ಮಾಡ್ಕೋಬೇಡಿ ಸಾರ್, ಅಕ್ಷರ ಇಲ್ಲ ಅಂತ ಹೋದ ಸಲ ಬರೆದಿದ್ದೆ. ದಂಡ ಏನೂ ಆಗಿಲ್ಲ.

ಇದನ್ನ ಮಾಡಿದ ಶಾನ್ ಟಾನ್ ಆಸ್ಟ್ರೇಲಿಯಾದವರು, ಅವರ ತಂದೆ ಮಲೇಷ್ಯಾದಿಂದ ಅಲ್ಲಿಗೆ ಹೋದೋರು. 2006ರಲ್ಲಿ ಬಂದ ಈ ಪುಸ್ತಕದಲ್ಲಿ ಒಬ್ಬ ಮನುಷ್ಯ ಹೆಂಡ್ತಿ ಮಗಳನ್ನ ಬಿಟ್ಟು ದೂರದ ಊರಿಗೆ ಹೋಗ್ತಾನೆ. ಹೋದ ಊರಲ್ಲಿ ಬೋರ್ಡು, ಕಾಗದ, ಟಿಕೆಟ್ಟು ಎಲ್ಲದರ ಮೇಲೂ ಯಾವುದೋ ಲಿಪಿ ಇದೆ, ಅದು ಲೋಕದಲ್ಲೇ ಇಲ್ದಿರೋ ಲಿಪಿ, ಟಾನ್ ಅವರೇ ಕಟ್ಟಿದ್ದು. ಹಾಗಾಗಿ ಪುಸ್ತಕ ಹಿಡ್ಕೊಂಡಿರೋ ನೀವೂ ಆ ಮನುಷ್ಯನೂ ಒಂದೇ ಸಾಲಲ್ಲಿ ನಿಂತಿರ್ತೀರ, ಇಬ್ರಿಗೂ ಓದೋಕೆ ಬರಲ್ಲ. ಪಿಎಚ್‌ಡಿ ಮಾಡಿದೋರಿಗೂ ಬರಲ್ಲ. ಅವನು ಮಲಗೋಕೆ ಜಾಗ ಬೇಕು ಅಂತ ನೋಟ್‌ಬುಕ್ಕಲ್ಲಿ ಚಿತ್ರ ಬರ್ದು ತೋರಿಸ್ತಾನೆ, ಆ ಹೊತ್ತಿಗೆ ನಮಗೂ ಅದೊಂದೇ ದಾರಿ ಅಂತ ಅನ್ಸಿರತ್ತೆ.

ಮೊದಲ ಪುಟಕ್ಕೆ ವಾಪಸ್ ಹೋಗಿ. ಒಂಬತ್ತು ಚೌಕ, ಒಂದೊಂದರಲ್ಲೂ ಒಂದೊಂದು ಸಾಮಾನು, ಕಾಗದದ ಹಕ್ಕಿ, ಗಡಿಯಾರ, ಹ್ಯಾಟು, ಮಗು ಬರೆದ ಚಿತ್ರ, ಬಿರುಕು ಬಿಟ್ಟ ಟೀ ಪಾಟು, ಹೀಗೆ. ಈಗ ಕೊನೇ ಅಧ್ಯಾಯ ತೆಗೀರಿ. ಅಲ್ಲೂ ಅದೇ ಥರ ಚೌಕಗಳಿದಾವೆ, ಸಾಮಾನು ಬೇರೆ, ಹೊಸ ಊರಿನ ಸಾಮಾನು. ಎರಡೂ ಪುಟದಲ್ಲಿ ಬೆರಳಿಟ್ಕೊಂಡು ಹಿಂದೆ ಮುಂದೆ ಮಾಡಿ ಅಂತ ಮಕ್ಕಳಿಗೆ ಹೇಳಿ, ಒಂದು ಗಂಟೆ ಅಲ್ಲಾಡಲ್ಲ ಅವ್ರು. ಕೊನೇ ಚಿತ್ರದಲ್ಲಿ ಅವನ ಮಗಳು ಇನ್ನೊಬ್ಬ ಹೊಸಬರಿಗೆ ದಾರಿ ತೋರಿಸ್ತಿರ್ತಾಳೆ.

ಓದಿ ಹೇಳ್ಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ ಅಷ್ಟೇ. ಪುಟ ತಿರುಗಿಸೋದು ಮಗು ಕೆಲಸ. ತಪ್ಪಾಗಿ ಅರ್ಥ ಮಾಡ್ಕೊಂಡ್ರೆ ತಿದ್ದಬೇಡಿ, ನಾಲ್ಕು ಪುಟ ಆದ್ಮೇಲೆ ಚಿತ್ರಾನೇ ತಿದ್ದತ್ತೆ.

ಅಕ್ಷರ ಇಲ್ಲದ ಪುಸ್ತಕಕ್ಕೆ ಇನ್ನೊಂದು ಲಾಭ ಇದೆ. ಇಟಲಿಯ ಲಾಂಪೆದೂಸಾ ದ್ವೀಪ ಇದೆಯಲ್ಲ, ಆಫ್ರಿಕಾ ಕಡೆಯಿಂದ ದೋಣಿಲಿ ಬರೋರು ಎಷ್ಟೋ ಜನ ಮೊದಲು ಕಾಲಿಡೋದು ಅಲ್ಲೇ. ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಸಂಸ್ಥೆ ಇಬ್ಬಿ 2012ರಲ್ಲಿ ಆ ದ್ವೀಪದಲ್ಲಿ ಒಂದು ಲೈಬ್ರರಿ ಮಾಡ್ಬೇಕು ಅಂತ ಹೊರಟು, ಲೋಕದ ಎಲ್ಲಾ ಕಡೆಯಿಂದ ಬರೀ ಚಿತ್ರ ಇರೋ ಪುಸ್ತಕ ಕೇಳಿ ತರಿಸ್ಕೊಂಡ್ರು. ದ್ವೀಪದ ಮಗು ಒಂದು ಭಾಷೆ, ದೋಣಿಲಿ ಬಂದ ಮಗು ಇನ್ನೊಂದು ಭಾಷೆ, ಇಬ್ರೂ ಒಂದೇ ಪುಸ್ತಕ ತೆಗೆದು ಕೂರಬಹುದು, ಯಾರಿಗೆ ಓದೋಕೆ ಬರತ್ತೆ ಯಾರಿಗೆ ಬರಲ್ಲ ಅನ್ನೋ ತಾಪತ್ರಯ ಇಲ್ಲ.

ಪ್ರಶ್ನೆ: ಇಂಥ ಪುಸ್ತಕ ಓದಿ ಮುಗಿಸಿದ್ಮೇಲೆ ಕೊನೇಲಿ ನೀತಿ ಹೇಳ್ಬೇಕಾ?

ಬೇಡ.

ಪ್ರಶ್ನೆ: ನಿರಾಶ್ರಿತರ ಕಥೆಗೆ ಮೊಲ, ನರಿ, ಕಪ್ಪೆ ಯಾಕೆ ಬೇಕು? ಮನುಷ್ಯರ ಕಷ್ಟನ ಪ್ರಾಣಿಗಳಿಗೆ ಹಾಕಿ ಮುದ್ದು ಮುದ್ದಾಗಿ ತೋರ್ಸೋದು ಮೋಸ ಅಲ್ವಾ?

ಕೆಲವು ಕಡೆ ಮೋಸಾನೇ. ಮುದ್ದು ಮರಿ ಒಂದು, ಅಯ್ಯೋ ಪಾಪ ಅನ್ನೋ ಕಣ್ಣು, ಕೊನೇಲಿ ಎಲ್ಲರೂ ತಬ್ಕೊಳೋ ಚಿತ್ರ, ಮನೆ ಯಾಕೆ ಬಿಟ್ರು ಯಾರು ಬಿಡ್ಸಿದ್ರು ಅಂತ ಎಲ್ಲೂ ಇಲ್ಲ. ಅಂಥದ್ದನ್ನ ನಾನೂ ವಾಪಸ್ ಕಪಾಟಿಗೆ ಇಡ್ತೀನಿ. ಆದ್ರೆ ಪ್ರಾಣಿ ಇದ್ದ ಮಾತ್ರಕ್ಕೆ ಮುದ್ದು ಅಂದ್ಕೋಬೇಡಿ.

ಡಂಕನ್ ತೊನಾತಿಯು ಅವರ ‘ಪಾಂಚೋ ರಾಬಿಟ್ ಅಂಡ್ ದಿ ಕೊಯೋಟಿ’ ತಗೊಳ್ಳಿ, 2013ರದ್ದು. ಮಳೆ ಇಲ್ಲ, ಅಪ್ಪ ಮೊಲ ಕೆಲಸಕ್ಕೆ ಉತ್ತರಕ್ಕೆ ಹೋಗಿದೆ, ಬರ್ತೀನಿ ಅಂದ ದಿನ ಬರಲಿಲ್ಲ. ಮರಿ ಪಾಂಚೋ ಅಪ್ಪನಿಗೆ ಇಷ್ಟವಾದ ಊಟ ಕಟ್ಕೊಂಡು ಹುಡುಕೋಕೆ ಹೊರಡತ್ತೆ. ದಾರೀಲಿ ಕೊಯೋಟಿ ಸಿಗತ್ತೆ, ಅದು ನಮ್ಮ ತೋಳದ ಜಾತಿ ಪ್ರಾಣಿ, ದುಡ್ಡು ತಗೊಂಡು ಕಳ್ಳದಾರೀಲಿ ಗಡಿ ದಾಟಿಸೋ ದಲ್ಲಾಳಿನ ಮೆಕ್ಸಿಕೋ ಕಡೆ ಕರೆಯೋದೂ ಹಾಗೇ. ನಾನು ದಾರಿ ತೋರಿಸ್ತೀನಿ, ಬದಲಿಗೆ ಬುತ್ತೀಲಿರೋದು ಕೊಡು ಅನ್ನತ್ತೆ. ರೈಲಿಗೆ ಒಂದು, ನದಿಗೆ ಒಂದು, ಸುರಂಗಕ್ಕೆ ಒಂದು ಅಂತ ಬುತ್ತಿ ಖಾಲಿ. ಖಾಲಿ ಆದ್ಮೇಲೆ ಕೊಯೋಟಿ ಹೇಳತ್ತೆ, ಹಂಗಾದ್ರೆ ನಿನ್ನೇ ತಿಂತೀನಿ. ಐದು ವರ್ಷದ ಮಗುಗೆ ಈ ಲೆಕ್ಕ ತಕ್ಷಣ ಅರ್ಥ ಆಗತ್ತೆ, ಸಾಲ, ದಲ್ಲಾಳಿ, ಒತ್ತೆ ಅಂತ ನಾವು ಮನುಷ್ಯರ ಭಾಷೇಲಿ ಹೇಳಿದ್ರೆ ಆಗ್ತಿರ್ಲಿಲ್ಲ. ಅಪ್ಪ ಬಂದು ಕಾಪಾಡತ್ತೆ ನಿಜ, ಆದ್ರೆ ಕೊನೆ ಮಾತು ಕೇಳಿ: ಮಳೆ ಬರದಿದ್ರೆ ಮತ್ತೆ ಹೋಗ್ಬೇಕಾಗತ್ತೆ. ಸುಖಾಂತ್ಯ ಅಂತ ಪುಸ್ತಕ ಮುಚ್ಚೋಕೆ ಬಿಡಲ್ಲ. ಚಿತ್ರಗಳೂ ನೋಡಿ, ಎಲ್ಲಾ ಮುಖ ಪಕ್ಕಕ್ಕೇ ತಿರುಗಿರತ್ತೆ, ಮೆಕ್ಸಿಕೋದ ಹಳೇ ಮಿಶ್ತೆಕ್ ಜನರ ಹಸ್ತಪ್ರತಿಗಳ ಶೈಲಿ ಅದು.

ಇನ್ನೊಂದು ಪೆರುವಿನ ಇಸ್ಸಾ ವತನಾಬೆ ಅವರ ‘ಮಿಗ್ರಾಂತೆಸ್’, 2019. ಇದರಲ್ಲೂ ಪ್ರಾಣಿಗಳೇ, ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು ಎಲೆ ಇಲ್ಲದ ಕಪ್ಪು ಕಾಡಲ್ಲಿ ಸಾಲಾಗಿ ನಡೀತಿದಾವೆ, ಅಕ್ಷರ ಇಲ್ಲ. ಹಿಂದೆ ಸ್ವಲ್ಪ ದೂರದಲ್ಲಿ ಹೂವಿನ ಬಟ್ಟೆ ಹೊದ್ದ ಅಸ್ಥಿಪಂಜರ ಒಂದು ನೀಲಿ ಹಕ್ಕಿ ಜೊತೆ ಬರ್ತಿದೆ. ಅದು ಸಾವು. ಅವಸರ ಮಾಡಲ್ಲ, ಹೆದರ್ಸಲ್ಲ, ಬರ್ತಾ ಇರತ್ತೆ ಅಷ್ಟೇ. ಆನೆ, ಸಿಂಹ, ಮೊಲ, ಕಪ್ಪೆ ಎಲ್ಲಾ ಒಟ್ಟಿಗೆ ನಡೆಯೋದ್ರಿಂದ ಇವ್ರು ಯಾವ ದೇಶ ಯಾವ ಜಾತಿ ಅಂತ ಕೇಳೋಕೇ ಜಾಗ ಇಲ್ಲ. ಇದನ್ನ ಮುದ್ದು ಅಂತ ನೀವೂ ಅನ್ನಲ್ಲ.

ಪ್ರಾಣಿ ಬೇಡವೇ ಬೇಡ ಅಂದ್ರೆ ಆರ್ಮಿನ್ ಗ್ರೇಡರ್ ಅವರ ‘ದಿ ಐಲ್ಯಾಂಡ್’ ಇದೆ, ಅಲೆಗೆ ಸಿಕ್ಕಿ ದ್ವೀಪಕ್ಕೆ ಬಂದ ಒಬ್ಬ ಮನುಷ್ಯನನ್ನ ಊರೋರು ಆಡಿನ ಕೊಟ್ಟಿಗೇಲಿ ಇಟ್ಟು, ಆಮೇಲೆ ವಾಪಸ್ ಸಮುದ್ರಕ್ಕೆ ತಳ್ಳಿ, ಸುತ್ತ ಗೋಡೆ ಕಟ್ಟೋ ಕಥೆ. ಹತ್ತು ವರ್ಷದ ಮೇಲಿನೋರಿಗೆ ಮಾತ್ರ, ನೀವು ಮೊದಲು ಒಬ್ರೇ ಓದಿ.

ಪ್ರಶ್ನೆ: ನಾನು ಟೀಚರ್, ನಾಲ್ಕನೇ ಕ್ಲಾಸು. ಈ ವರ್ಷ ಬೇರೆ ದೇಶದಿಂದ ಬಂದ ಒಬ್ಳು ಹುಡುಗಿ ಸೇರಿದಾಳೆ, ಹೆಚ್ಚು ಮಾತಾಡಲ್ಲ. ಒಂದು ವಲಸೆ ಪುಸ್ತಕ ಓದಿ, ಆಮೇಲೆ ಅವಳ ಅನುಭವ ಎಲ್ಲರ ಮುಂದೆ ಹೇಳ್ಸೋಣ ಅಂತಿದೀನಿ. ಮತ್ತೆ ‘ಒಂದೇ ಬ್ಯಾಗು, ಹತ್ತು ನಿಮಿಷ, ಏನು ತಗೊಂಡು ಓಡ್ತೀಯ’ ಅನ್ನೋ ಆಟಾನೂ ಆಡಿಸೋಣ ಅಂತ. ಹೇಗೆ?

ಟೀಚರೇ, ಎರಡೂ ಬೇಡ, ದಯವಿಟ್ಟು. ನಿಮ್ಮ ಮನಸ್ಸು ಒಳ್ಳೇದು, ಅದು ಪತ್ರದಲ್ಲೇ ಗೊತ್ತಾಗತ್ತೆ. ಆದ್ರೆ ಆ ಮಗು ಪಾಡು ಯೋಚನೆ ಮಾಡಿ, ಪುಸ್ತಕ ಮುಗೀತು, ಇಡೀ ಕ್ಲಾಸು ತಿರುಗಿ ಅವಳನ್ನ ನೋಡ್ತಿದೆ. ಇಷ್ಟು ದಿನ ಅವಳು ಆ ಕ್ಲಾಸಲ್ಲಿ ಗಣಿತ ಚೆನ್ನಾಗಿ ಮಾಡೋ ಹುಡುಗಿ ಆಗಿದ್ಲೋ ಏನೋ, ಈಗಿಂದ ಪುಸ್ತಕದಲ್ಲಿರೋ ಹುಡುಗಿ. ಅವಳು ಹೇಳ್ಬೇಕು ಅಂದ್ರೆ ಹೇಳ್ತಾಳೆ, ಕ್ಲಾಸಲ್ಲೇ ಹೇಳ್ತಾಳೆ ಅಂತಿಲ್ಲ, ಚಿತ್ರ ಬರೀತಾ ಪಕ್ಕದವಳ ಹತ್ರ ಹೇಳಬಹುದು, ಹೇಳದೇನೂ ಇರಬಹುದು.

ಬ್ಯಾಗಿನ ಆಟದ ಕಷ್ಟ ಬೇರೆ. ಮನೆ ಬಿಡದೇ ಇರೋ ಮಕ್ಕಳಿಗೆ ಅದು ಪಿಕ್ನಿಕ್ ಆಗ್ಬಿಡತ್ತೆ, ಟ್ಯಾಬು, ಚಾರ್ಜರ್ರು, ನಾಯಿಮರಿ ಅಂತ ನಗ್ತಾ ಬರೀತಾರೆ. ನಿಜವಾಗ್ಲೂ ಹತ್ತು ನಿಮಿಷದಲ್ಲಿ ಹೊರಟಿದ್ದ ಮಗು ಅಲ್ಲೇ ಕೂತಿದ್ರೆ ಆ ನಗು ಅವಳಿಗೆ ಹೇಗೆ ಕೇಳ್ಸತ್ತೆ ಹೇಳಿ.

ಬದಲಿಗೆ ಇದು ಮಾಡಿ ನೋಡಿ. ‘ಸ್ಟೆಪಿಂಗ್ ಸ್ಟೋನ್ಸ್’ ಅಂತ ಒಂದು ಪುಸ್ತಕ ಇದೆ, 2016ರದ್ದು, ಬರೆದೋರು ಮಾರ್ಗ್ರೀತ್ ರೂರ್ಸ್, ಚಿತ್ರ ಸಿರಿಯಾದ ನಿಜಾರ್ ಅಲಿ ಬದ್ರ್ ಅವರದ್ದು. ಚಿತ್ರ ಅಂದ್ರೆ ಬಣ್ಣ ಅಲ್ಲ, ಎಲ್ಲಾ ಕಲ್ಲು, ಸಣ್ಣ ಸಣ್ಣ ನುಣುಪು ಕಲ್ಲು ಜೋಡಿಸಿ ಮನುಷ್ಯರನ್ನ ಮಾಡಿರೋದು. ಬೆನ್ನು ಬಾಗಿಸಿ ಗಂಟು ಹೊತ್ತ ಅಪ್ಪ ಅಂದ್ರೆ ಮೂರ್ನಾಲ್ಕು ಕಲ್ಲು ಅಷ್ಟೇ, ಮುಖಕ್ಕೆ ಕಣ್ಣು ಮೂಗು ಏನೂ ಇಲ್ಲ, ಆದ್ರೂ ಆಯಾಸ ಗೊತ್ತಾಗತ್ತೆ. ಒಂದೇ ಪುಟದಲ್ಲಿ ಇಂಗ್ಲಿಷೂ ಇದೆ, ಅರಬ್ಬಿನೂ ಇದೆ. ಮಕ್ಕಳಿಗೆ ಹೊರಗಿಂದ ಕಲ್ಲು ಆರ್ಸಿ ತರೋಕೆ ಹೇಳಿ, ನಡೆಯೋ ಮನುಷ್ಯ, ಕೂತ ಮನುಷ್ಯ, ಕಾಯೋ ಮನುಷ್ಯ ಅಂತ ಮಾಡಿಸಿ. ಅಂಟು ಬೇಡ, ಫೋಟೋ ತೆಗೆದು ಕಲ್ಲು ವಾಪಸ್ ಹಾಕೋದು. ಇದಕ್ಕೆ ಯಾರ ಭಾಷೇನೂ ಬೇಡ, ಯಾರ ಕಥೇನೂ ಕೇಳ್ಬೇಕಾಗಿಲ್ಲ, ಮತ್ತೆ ಆ ಹುಡುಗಿ ಕೈ ಎಲ್ಲರಿಗಿಂತ ಚೆನ್ನಾಗಿ ಓಡಿದ್ರೆ ಅದನ್ನ ಎಲ್ಲರೂ ನೋಡ್ತಾರೆ.

ಅಥವಾ ‘ಟೂ ವೈಟ್ ರಾಬಿಟ್ಸ್’ ಓದಿ. ಹೈರೋ ಬುಯಿತ್ರಾಗೋ ಬರೆದಿದ್ದು, ಚಿತ್ರ ರಫಾಯೆಲ್ ಯೋಕ್ತೆಂಗ್. ಅಪ್ಪನ ಜೊತೆ ಹೊರಟ ಹುಡುಗಿ ದಾರಿ ಉದ್ದಕ್ಕೂ ಎಣಿಸ್ತಾ ಹೋಗ್ತಾಳೆ, ಹಸು ಎಷ್ಟು, ಹಳಿ ಪಕ್ಕ ಇರೋ ಜನ ಎಷ್ಟು, ಮೋಡ ಎಷ್ಟು. ಅವಳು ಮೋಡ ಎಣಿಸೋವಾಗ ಇಬ್ರೂ ಓಡ್ತಿರೋ ಗೂಡ್ಸ್ ರೈಲಿನ ನೆತ್ತಿ ಮೇಲೆ ಮಲಗಿದಾರೆ ಅಂತ ಚಿತ್ರ ಹೇಳತ್ತೆ, ಅವಳು ಹೇಳಲ್ಲ. ನಾಲ್ಕನೇ ಕ್ಲಾಸಿನವರಿಗೆ ಒಂದೇ ಕೆಲಸ ಕೊಡಿ: ಹುಡುಗಿ ಏನು ಎಣಿಸ್ಲಿಲ್ಲ ಅಂತ ಹುಡುಕಿ. ಸೈನಿಕರನ್ನ ಮೊದಲು ಹುಡುಕ್ತಾರೆ.

ಆ ಹುಡುಗಿಗೆ ಅಂತಾನೇ ಒಂದು ಬೇಕಂದ್ರೆ ‘ಮೈ ಟೂ ಬ್ಲ್ಯಾಂಕೆಟ್ಸ್’ ಸುಮ್ನೆ ಕ್ಲಾಸಿನ ಕಪಾಟಲ್ಲಿ ಇಟ್ಟಿರಿ. ಹಳೇ ಊರಿನ ಮಾತುಗಳು ಬೆಚ್ಚಗಿನ ಕಿತ್ತಳೆ ಬಣ್ಣದ ಹೊದಿಕೆ, ಹೊಸ ಊರು ತಣ್ಣನೆ ಬಣ್ಣ, ಪಾರ್ಕಲ್ಲಿ ಒಬ್ಳು ಗೆಳತಿ ಒಂದೊಂದೇ ಪದ ಕೊಡ್ತಾಳೆ, ನಿಧಾನಕ್ಕೆ ಎರಡನೇ ಹೊದಿಕೆ ಆಗತ್ತೆ. ಅವಳಿಗೆ ಬೇಕಾದಾಗ ಅವಳೇ ತೆಗೀಲಿ.

ಪ್ರಶ್ನೆ: ಎಲ್ಲಾ ಬರೀ ಗೋಳೇ ಆಯ್ತಲ್ಲ ಮೇಡಂ, ನಾವೂ ಕೆಲಸಕ್ಕೆ ಅಂತ ದೇಶ ಬಿಟ್ಟು ಬಂದೋರೇ, ಚೆನ್ನಾಗೇ ಇದೀವಿ. ನಮ್ಮಂಥವರ ಮಕ್ಕಳಿಗೆ ಪುಸ್ತಕ ಇಲ್ವಾ?

ಇದೆ, ಮತ್ತೆ ನನಗೆ ಬಹಳ ಇಷ್ಟವಾದದ್ದು ಈ ಸಾಲಿನದ್ದೇ. ಆಲೆನ್ ಸೇ ಅವರ ‘ಗ್ರ್ಯಾಂಡ್‌ಫಾದರ್ಸ್ ಜರ್ನಿ’, 1993ರದ್ದು, ಮುಂದಿನ ವರ್ಷ ಅಮೆರಿಕದಲ್ಲಿ ಚಿತ್ರಪುಸ್ತಕಕ್ಕೆ ಕೊಡೋ ಕಾಲ್ಡೆಕಾಟ್ ಮೆಡಲ್ ಬಂತು. ತಾತ ಚಿಕ್ಕ ವಯಸ್ಸಲ್ಲಿ ಜಪಾನಿಂದ ಹಡಗು ಹತ್ತಿ ಅಮೆರಿಕ ನೋಡೋಕೆ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡ್ತಾನೆ, ಊರಿನ ನೆನಪಾಗಿ ಜಪಾನಿಗೆ ವಾಪಸ್ ಬರ್ತಾನೆ, ಬಂದ್ಮೇಲೆ ಕ್ಯಾಲಿಫೋರ್ನಿಯಾ ನೆನಪು ಕಾಡತ್ತೆ, ಇನ್ನೊಂದ್ಸಲ ಹೋಗೋಣ ಅನ್ನೋಷ್ಟರಲ್ಲಿ ಯುದ್ಧ ಬಂದು ಹೋಗೋಕೇ ಆಗಲ್ಲ. ಮೊಮ್ಮಗನಿಗೂ ಅದೇ ರೋಗ, ಇಲ್ಲಿದ್ರೆ ಅಲ್ಲಿ, ಅಲ್ಲಿದ್ರೆ ಇಲ್ಲಿ. ಚಿತ್ರಗಳು ಹಳೇ ಫ್ಯಾಮಿಲಿ ಆಲ್ಬಂ ಥರ, ಎಲ್ಲರೂ ಕ್ಯಾಮೆರಾ ಮುಂದೆ ನಿಂತಂಗೆ ಗಂಭೀರವಾಗಿ ನಿಂತಿರ್ತಾರೆ. ಇದರಲ್ಲಿ ಗೋಳಿಲ್ಲ, ಆದ್ರೆ ಚೆನ್ನಾಗೇ ಇದೀವಿ ಅಂತ ನೀವು ಬರೆದ ಸಾಲಿನ ಕೆಳಗೆ ಏನೋ ಇದೆಯಲ್ಲ, ಅದು ಇದೆ.

ಯುಯಿ ಮೊರಾಲೆಸ್ ಅವರ ‘ಡ್ರೀಮರ್ಸ್’ ಕೂಡ ನೋಡಿ (2018). 1994ರಲ್ಲಿ ಮೆಕ್ಸಿಕೋದಿಂದ ಹಸುಗೂಸು ಎತ್ಕೊಂಡು ಅಮೆರಿಕಕ್ಕೆ ಹೋದ್ರು ಅವ್ರು, ಇಂಗ್ಲಿಷ್ ಬರ್ತಿರ್ಲಿಲ್ಲ. ಸಾನ್ ಫ್ರಾನ್ಸಿಸ್ಕೋದ ಪಬ್ಲಿಕ್ ಲೈಬ್ರರಿಗೆ ಹೋದ್ರೆ ಪುಸ್ತಕ ದುಡ್ಡಿಲ್ದೆ ಕೊಡ್ತಾರೆ ಅಂತ ನಂಬೋಕೇ ಆಗ್ಲಿಲ್ಲ, ಅಲ್ಲಿನ ಚಿತ್ರಪುಸ್ತಕ ನೋಡ್ತಾನೇ ಭಾಷೆ ಕಲ್ತು ಆಮೇಲೆ ತಾವೇ ಚಿತ್ರಪುಸ್ತಕ ಮಾಡೋರಾದ್ರು.

ದೇಶ ಎರಡಾದಾಗ ಮನೆ ಬಿಟ್ಟೋರ ಕಥೆ ಬೇಕು ಅಂತ ಇನ್ನೂ ಕೆಲವರು ಕೇಳಿದೀರಿ, ಅದಕ್ಕೂ ಇಲ್ಲೇ ಹೇಳ್ಬಿಡ್ತೀನಿ: ನೀನಾ ಸಬ್ನಾನಿ ಅವರ ‘ಮುಕಂದ್ ಅಂಡ್ ರಿಯಾಜ್’. ಕರಾಚಿಯ ಇಬ್ರು ಗೆಳೆಯರು, 1947, ಸಬ್ನಾನಿ ಅವರ ತಂದೆಯ ನೆನಪಿಂದ ಬಂದ ಕಥೆ, ಬಟ್ಟೆ ತುಂಡು ಕತ್ತರಿಸಿ ಹೊಲಿದಂಥ ಚಿತ್ರಗಳು.

ಪ್ರಶ್ನೆ: ನಾನು ಮಕ್ಕಳಿಗೆ ಬರೀತೀನಿ. ನಿರಾಶ್ರಿತ ಹುಡುಗನ ಬಗ್ಗೆ ಒಂದು ಕಥೆ ಬರೆದಿದೀನಿ, ಅವನಿಗೆ ಎಲ್ಲರೂ ತೊಂದರೆ ಕೊಡ್ತಾರೆ, ಕೊನೇಲಿ ಒಬ್ಳು ಒಳ್ಳೇ ಹುಡುಗಿ ಸ್ನೇಹ ಮಾಡಿ ಅವನನ್ನ ಉಳಿಸ್ತಾಳೆ. ಕಳಿಸ್ಲಾ?

ಕಳಿಸೋಕೆ ಮುಂಚೆ ಒಂದು ಲೆಕ್ಕ ಹಾಕಿ: ನಿಮ್ ಕಥೆಲಿ ಆ ಹುಡುಗ ತಾನಾಗೇ ಮಾಡೋ ಕೆಲಸ ಎಷ್ಟು? ಅವನು ಅಳ್ತಾನೆ, ಕೂರ್ತಾನೆ, ನೋಡ್ತಾನೆ, ಅಷ್ಟೇ ಆದ್ರೆ ಕಥೆ ಆ ಒಳ್ಳೇ ಹುಡುಗಿದು, ಅವನು ಅವಳ ಒಳ್ಳೇತನಕ್ಕೆ ಸಾಮಗ್ರಿ. ಅವನಿಗೂ ಒಂದು ಹಟ ಕೊಡಿ, ಸುಳ್ಳು ಹೇಳೋಕೆ ಬಿಡಿ, ಯಾರನ್ನಾದ್ರೂ ನಗಿಸ್ಲಿ. ಮನೆ ಕಳ್ಕೊಂಡ ಮಕ್ಕಳು ಇಡೀ ದಿನ ಮನೆ ಬಗ್ಗೆ ಯೋಚನೆ ಮಾಡ್ತಾ ಕೂತಿರಲ್ಲ, ಜಗಳ ಆಡ್ತಾರೆ, ಬೋರ್ ಆಗತ್ತೆ ಅಂತ ತಲೆ ತಿಂತಾರೆ.

ಎರಡನೇದು, ಅಕ್ಷರ ಕಮ್ಮಿ ಮಾಡಿ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಅದರಲ್ಲಿ ಅರ್ಧ ಹೇಳೋದು ಚಿತ್ರ. ನಮ್ಮ ಪುಸ್ತಕ ಎಡದಿಂದ ಬಲಕ್ಕೆ ಓಡೋದ್ರಿಂದ ಬಲಕ್ಕೆ ಮುಖ ಮಾಡಿದೋರು ಮುಂದೆ ಹೋಗ್ತಿದಾರೆ ಅನ್ಸತ್ತೆ, ಎಡಕ್ಕೆ ತಿರುಗಿದ್ರೆ ವಾಪಸ್ ಬರ್ತಿದಾರೆ ಅಥವಾ ಯಾರೋ ತಡೀತಿದಾರೆ ಅನ್ಸತ್ತೆ, ಅದನ್ನ ಬರೀಬೇಕಾಗೇ ಇಲ್ಲ. ಅರಬ್ಬಿ ಪುಸ್ತಕದಲ್ಲಿ ಇದೇ ಉಲ್ಟಾ. ಮೆಕ್ಸಿಕೋದಿಂದ ಬಂದ ‘ಮಿಗ್ರಾರ್’ ಅಂತ ಒಂದು ಪುಸ್ತಕದಲ್ಲಿ ಪುಟಾನೇ ಇಲ್ಲ, ಮರದ ತೊಗಟೆಯ ಕಾಗದದ ಮೇಲೆ ಬರೆದ ಒಂದೇ ಉದ್ದ ಚಿತ್ರ, ಮಡಿಕೆ ಮಡಿಕೆಯಾಗಿ ಬಿಚ್ಚತ್ತೆ, ಹಳ್ಳಿ, ರೈಲು, ಗೋಡೆ ಎಲ್ಲ ಒಂದರ ಕೆಳಗೆ ಒಂದು, ಎಲ್ಲೂ ಕಡಿಯಲ್ಲ.

ಜೇಕಬ್ ಲಾರೆನ್ಸ್ ಹೇಗೆ ಮಾಡಿದ್ರು ಅಂತ ಸಿಕ್ಕಿದ್ರೆ ಓದಿ. ಅಮೆರಿಕದ ದಕ್ಷಿಣದಿಂದ ಉತ್ತರದ ಊರುಗಳಿಗೆ ಕಪ್ಪು ಜನ ಲಕ್ಷಗಟ್ಟಲೆ ಹೊರಟ ಕಥೆನ 1940–41ರಲ್ಲಿ 60 ಚಿತ್ರಗಳಲ್ಲಿ ಬರೆದ್ರು, ಅವರ ತಂದೆ ತಾಯಿನೂ ಹಾಗೆ ಹೊರಟೋರೇ. ಮೊದಲು ಒಂದೊಂದು ಚಿತ್ರಕ್ಕೆ ಒಂದೊಂದು ಸಾಲು ಬರೆದಿಟ್ಕೊಂಡು, ಆಮೇಲೆ 60 ಬೋರ್ಡನ್ನೂ ಒಟ್ಟಿಗೆ ಹರಡ್ಕೊಂಡು ಒಂದು ಬಣ್ಣ ತಗೊಂಡ್ರೆ ಎಲ್ಲದಕ್ಕೂ ಆ ಬಣ್ಣ ಹಚ್ಚಿ ಮುಗಿಸಿ ಮುಂದಿನ ಬಣ್ಣಕ್ಕೆ ಹೋಗ್ತಿದ್ರು. ಅದಕ್ಕೇ ಇಡೀ ಸರಣಿ ಒಂದೇ ಉಸಿರಲ್ಲಿದೆ. ಮಕ್ಕಳ ಪುಸ್ತಕವಾಗಿ ಬಂದಿದ್ದು 1993ರಲ್ಲಿ. ಅದರ ಸಾಲುಗಳನ್ನ ನೋಡಿ, ಎಲ್ಲೂ ಅಯ್ಯೋ ಅಂತಿಲ್ಲ. ಹೊರಟ್ರು. ರೈಲು ತುಂಬಿತ್ತು. ಆ ಥರ.

ನಿಮ್ಮ ಕಥೆ ಇನ್ನೊಂದ್ಸಲ ಬರೆದು ಕಳಿಸಿ, ಓದ್ತೀನಿ.

ಪ್ರಶ್ನೆ: ನಿರಾಶ್ರಿತರ ಶಿಬಿರದ ಮಕ್ಕಳಿಗೆ ಪುಸ್ತಕ ಕಳಿಸೋಣ ಅಂತ ನಾವೊಂದಿಷ್ಟು ಗೆಳತಿಯರು ಸೇರಿದೀವಿ. ನೀವು ಹೇಳಿದ ಈ ಪುಸ್ತಕಗಳನ್ನೇ ಕೊಂಡು ಕಳಿಸಿದ್ರೆ ಆಗತ್ತಾ?

ಆಗಲ್ಲ ಅಂತೀನಿ. ಈ ಪುಸ್ತಕಗಳು ಹೆಚ್ಚಾಗಿ ಮನೇಲಿ ಇರೋ ಮಕ್ಕಳಿಗೆ. ದೋಣಿಲಿ ಬಂದ ಮಗುಗೆ ದೋಣಿ ಪುಸ್ತಕ ಯಾಕೆ, ಕೇಳಿದ್ರೆ ಕೊಡಿ, ನೀವಾಗೇ ಮೊದಲು ಅದನ್ನೇ ಕೈಗಿಡ್ಬೇಡಿ.

ಯೆಲ್ಲಾ ಲೆಪ್‌ಮನ್ ಅಂತ ಒಬ್ರಿದ್ರು, ಜರ್ಮನಿಯ ಯಹೂದಿ ಪತ್ರಕರ್ತೆ, ಹಿಟ್ಲರ್ ಕಾಲದಲ್ಲಿ ಲಂಡನ್ನಿಗೆ ಓಡಿಹೋಗಿ, ಯುದ್ಧ ಮುಗಿದ್ಮೇಲೆ ಪಾಳುಬಿದ್ದ ಜರ್ಮನಿಗೆ ವಾಪಸ್ ಬಂದು ಬೇರೆ ಬೇರೆ ದೇಶಗಳಿಗೆ ಕಾಗದ ಬರೆದು ಮಕ್ಕಳ ಪುಸ್ತಕ ಕೇಳಿ ತರಿಸಿ 1946ರಲ್ಲಿ ಪ್ರದರ್ಶನ ಮಾಡಿದ್ರು. ಮೇಲೆ ಹೇಳಿದ ಇಬ್ಬಿ ಸಂಸ್ಥೆ ಶುರುವಾಗಿದ್ದೂ ಅವರಿಂದಲೇ. ಆ 1946ರಲ್ಲೇ ಬರ್ಲಿನ್ ಮಕ್ಕಳಿಗೆ ಹಂಚೋಕೆ ಅಂತ ಅವರೇ ಕೂತು ಜರ್ಮನ್‌ಗೆ ಅನುವಾದ ಮಾಡಿ, ನ್ಯೂಸ್‌ಪೇಪರ್ ಕಾಗದದಲ್ಲಿ 30,000 ಪ್ರತಿ ಹಾಕ್ಸಿದ್ದು ಯಾವ ಪುಸ್ತಕ ಗೊತ್ತಾ, ಗುದ್ದಾಟಕ್ಕೆ ಇಳಿಯದೆ ಹೂವಿನ ವಾಸನೆ ನೋಡ್ತಾ ಕೂರೋ ಹೋರಿ ಫರ್ಡಿನಾಂಡನ ಕಥೆ.

ನೀವೂ ಮೊದಲು ಆ ಶಿಬಿರದಲ್ಲಿ ಮಕ್ಕಳ ಜೊತೆ ಕೆಲಸ ಮಾಡೋರನ್ನ ಕೇಳಿ, ಯಾವ ಭಾಷೆ, ಯಾವ ವಯಸ್ಸು ಅಂತ. ಆ ಭಾಷೇಲಿ ಸಿಕ್ಕಿದ್ರೆ ಅದು, ಸಿಗದಿದ್ರೆ ಅಕ್ಷರ ಇಲ್ಲದ್ದು, ನಗೋ ಪುಸ್ತಕ ಜಾಸ್ತಿ ಇರ್ಲಿ. ಹರಿದದ್ದು, ಯಾರೋ ಹೆಸರು ಗೀಚಿದ್ದು ಬೇಡ. ಜೊತೇಲಿ ಖಾಲಿ ಹಾಳೆ, ಬಣ್ಣದ ಪೆನ್ಸಿಲ್ಲು, ಶಾರ್ಪ್‌ನರ್ ಹಾಕಿ, ಶಾರ್ಪ್‌ನರ್ ಎಲ್ಲರೂ ಮರೀತಾರೆ.